ಬೀರುವಿನ ಹಿಂದಿನ ಗೋಡೆ

…ಹಾಗಲ್ವೋ, ಹಾಗೆ ತಳ್ಳಿದ್ರೆ ಬರಲ್ಲ! ಮೊದಲು ಬಾಗಿಲ ಹಿಡಿ ಹಿಡ್ಕೊಂಡು ಮೇಲಕ್ಕೆ ಎತ್ತು, ಆಮೇಲೆ ಭುಜ ಕೊಡು… ಹಾಂ, ಬಂತು ನೋಡು. ನಗು, ನಗು. ನಾನೂ ಮೊದಲ ವಾರ ನಕ್ಕೆ. ನಮ್ಮ ಮನೆಗೆ ಬರೋರು ಕುಸ್ತಿ ಗೆದ್ದೇ ಒಳಗೆ ಬರ್ಬೇಕು ಅಂತ ನಿಮ್ಮ ಭಾವ ಬಂದೋರಿಗೆಲ್ಲ ತಮಾಷೆ ಮಾಡ್ತಿದ್ರು. ಈಗ ಮಾಡಲ್ಲ.

ಏನಂದೆ? ಬಣ್ಣದ ಕೆಲಸ ಇದೆ ಅಂತ ಫೋನ್ ಮಾಡಿದ್ಯಲ್ಲ, ಎಲ್ಲಿ ಅಂತಾನಾ? ಅಯ್ಯೋ ಗುಬ್ಬೀ, ಬಂದ ಕಾಲಲ್ಲೇ ಕೆಲಸದ ಮಾತಾ! ಇರು, ಉಸಿರು ಬಿಡು. ಹೆಸರಿಗೆ ಗುಬ್ಬಿ, ಮೈ ನೋಡಿದ್ರೆ ಆನೆಮರಿ. ಅಮ್ಮ ಇದ್ದಿದ್ರೆ ನಿನ್ನ ಹೊಟ್ಟೆ ನೋಡಿ ಹೆಸರು ಬದಲಾಯಿಸ್ತಿದ್ಲು… ಅಬ್ಬ, ನಕ್ಕೆಯಲ್ಲ. ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತೋ. ಸಾಮಾನು ತಂದ ದಿನ ಬರ್ಲಿಲ್ಲ. ಮಗು ಹುಟ್ಟುಹಬ್ಬಕ್ಕೆ ಕರೆದೆ, ಬರ್ಲಿಲ್ಲ. ಕೆಲಸ ಅಂತೆ, ಕೆಲಸ! ಊರಲ್ಲಿರೋ ಗೋಡೆಗೆಲ್ಲ ನೀನೊಬ್ಬನೇ ಬಣ್ಣ ಹೊಡೀಬೇಕಾ? ನಾನು ಏನಂದ್ಕೊಂಡೆ ಗೊತ್ತಾ? ಅಕ್ಕ ಸ್ವಂತ ಮನೆ ಮಾಡ್ಕೊಂಡ್ಲು ಅಂತ ನಿನ್ನ ಹೆಂಡತಿಗೆ ಹೊಟ್ಟೆಕಿಚ್ಚು ಅಂದ್ಕೊಂಡೆ. ಪಾಪ, ಅವಳ ಮೇಲೆ ಹಾಕ್ದೆ ನಾನು.

ಬಾ, ಆ ಬಾಗಿಲ ಕೆಳಗೆ ಕೈ ಹಾಕು… ಹಾಕೋ, ಹಾವೇನಿಲ್ಲ. ತಳದ ಅಂಚು ಸಿಕ್ತಾ? ಬಣ್ಣ ಇದೆಯಾ? ಇಲ್ಲ, ಬರೀ ಮರ! ಬಡಗಿ ಬಂದು ಹೇಳ್ದ. ಇತ್ತೀಚೆಗೆ ಹೆರೆದಿದಾರೆ ಅಮ್ಮ, ಬಾಗಿಲು ಕೆಟ್ಟಿಲ್ಲ, ಚೌಕಟ್ಟು ವಾರೆಯಾಗಿದೆ, ಚೌಕಟ್ಟು ವಾರೆಯಾಗೋದು ಕೆಳಗಿನ ನೆಲ ಕೂತಾಗ ಅಂದ. ಅವನು ಅಷ್ಟಂದು ಹೋಗ್ಬಿಟ್ಟ. ನಾನು ಮಾತ್ರ ಇಡೀ ದಿನ ಕಾಲಿಟ್ಟ ಕಡೆಯೆಲ್ಲ ನೆಲ ನೋಡ್ಕೊಂಡು ಓಡಾಡ್ದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಜೊತೆಗೆ ಹಳೇ ಮನೆ ಕೊಂಡು ನೋಡು ಅಂತ ಒಬ್ಬ ಪುಣ್ಯಾತ್ಮನಾದ್ರೂ ಸೇರಿಸ್ಬಾರ್ದಾಗಿತ್ತಾ?

ಕೂತ್ಕೋಬೇಡ ಇನ್ನೂ. ಅಡುಗೆಮನೆಗೆ ಬಾ. ಈ ನಲ್ಲಿ ತಿರುಗಿಸು. ಬರ್ತಿದೆಯಲ್ಲ ನೀರು? ಜೋರಾಗಿ? ಅಲ್ಲೇ ನಿಂತಿರು, ನಾನು ಬಚ್ಚಲಲ್ಲಿ ತಿರುಗಿಸ್ತೀನಿ… ಏನಾಯ್ತು? ಕೇಳಿಸ್ತಿಲ್ಲ, ಜೋರಾಗಿ ಹೇಳು… ನಿಂತೋಯ್ತಾ? ನಿಲ್ಲುತ್ತೆ! ಈ ಮನೇಲಿ ಇಬ್ಬರು ಒಟ್ಟಿಗೆ ಕೈ ತೊಳೆಯೋ ಹಾಗಿಲ್ಲ. ಪೈಪಿನ ಒಳಗೆಲ್ಲ ತುಕ್ಕು ಕಟ್ಟಿದೆಯಂತೆ, ಬೆರಳು ತೂರೋ ಜಾಗದಲ್ಲಿ ಕಡ್ಡಿ ತೂರಲ್ಲ ಅಂದ ನಲ್ಲಿಯವನು. ಆವತ್ತು ಮನೆ ನೋಡೋಕೆ ಬಂದಾಗ, ಮಾರಿದ ಆ ಹಳೇ ಯಜಮಾನ ಏನು ಮಾಡ್ದ, ನೆನಪಿದೆಯಾ? ಬನ್ನಿ ಬನ್ನಿ, ನಮ್ಮ ನೀರು ನೋಡಿ ಅಂತ ಈ ಒಂದು ನಲ್ಲಿ ಮಾತ್ರ ತಿರುಗಿಸಿದ. ಸೊಯ್ಯಂತ ಬಂತು. ನಾನೂ ನಿಮ್ಮ ಭಾವನೂ ನೀರನ್ನೇ ಕಂಡಿಲ್ಲದೋರ ಥರ ಬಾಯಿ ಬಿಟ್ಕೊಂಡು ನಿಂತ್ವಿ. ಎರಡೂ ಒಟ್ಟಿಗೆ ತಿರುಗಿಸಿ ನೋಡೋಣ ಅನ್ನೋ ಬುದ್ಧಿ ಬರ್ಬೇಡ್ವಾ? ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದಿದ್ರೆ ಸಾಕಿತ್ತು, ನೀರು ತೂತಿನ ಕಡೆ ಹೋಗಲ್ಲ, ಮೂಲೆಗೆ ಹೋಗಿ ಕೂರುತ್ತೆ ಅಂತ ಅಲ್ಲೇ ಗೊತ್ತಾಗ್ತಿತ್ತು. ಆ ಮೂಲೆಗೆ ಚಂದದ ಮ್ಯಾಟ್ ಹಾಕಿದ್ದ. ನಾನು ಮ್ಯಾಟ್ ಹೊಗಳಿದೆ ಕಣೋ! ಎಷ್ಟು ಮೆತ್ತಗಿದೆ ಅಂತ!

ಇಲ್ಲ, ಈ ಸ್ವಿಚ್ ಮುಟ್ಬೇಡ. ಚಟಪಟ ಅನ್ನುತ್ತೆ. ಲೈಟಿನವನು ಒಳಗಿನ ವೈರ್ ನೋಡಿ, ಅಮ್ಮ, ಇದು ನಮ್ಮ ತಾತನ ಕಾಲದ್ದು ಅಂದ. ಅವನಿಗೇ ಅರವತ್ತು ದಾಟಿದೆ.

ಹೋಗ್ಲಿ. ಇಷ್ಟೂ ನನ್ನ ದಡ್ಡತನ ಅಂತ ಇಟ್ಕೋ. ನಾನು ಹೊಲಿಗೆಯವಳು. ನಂಗೆ ಗೊತ್ತಿರೋದು ಬಟ್ಟೆ. ಬಟ್ಟೆ ಅಂಗಡಿಗೆ ಹೋದ್ರೆ ಎಂಥಾ ಬಟ್ಟೆ ಇದ್ರೂ ತಿರುಗಿಸಿ ಹಿಂದೆ ನೋಡ್ತೀನಿ. ಮುಂದೆ ಎಲ್ಲಾ ಬಟ್ಟೆನೂ ರಾಜಕುಮಾರಿನೇ, ಹಿಂದೆ ನೋಡಿದ್ರೆ ತಾನೇ ನೂಲಿನ ಬಣ್ಣ ಗೊತ್ತಾಗೋದು? ಆದ್ರೆ ಮನೆನ ಹೇಗಪ್ಪಾ ತಿರುಗಿಸಿ ನೋಡೋದು? ಅದಕ್ಕೇ ತಾನೇ ಕೊಳ್ಳೋ ಮುಂಚೆ ನಿನ್ನ ಕರ್ಕೊಂಡು ಬಂದಿದ್ದು.

ನಿಂಗೆ ಇದು ಹೇಳಿರ್ಲಿಲ್ಲ. ಈಗ ಹೇಳ್ತೀನಿ. ನಿಮ್ಮ ಭಾವನಿಗೆ ಯಾರೋ ಇಂಜಿನಿಯರ್ ಗೊತ್ತಿದ್ರು. ಹಳೇ ಮನೆ, ಒಂದು ಸಲ ಅವರ ಕೈಲಿ ತೋರಿಸಿಬಿಡೋಣ ಅಂದ್ರು. ನಾನು ಬಿಟ್ಟೇನಾ? ಊಟದ ತಟ್ಟೆ ಮುಂದೇನೇ ಜಗಳ! ಯಾಕೆ, ನನ್ನ ತಮ್ಮ ಸತ್ತಿದಾನಾ ಅಂದೆ. ಅಪ್ಪನ ಜೊತೆ ಚಡ್ಡಿ ಹಾಕೋ ಕಾಲದಿಂದ ಗೋಡೆ ಕೆರೆದೋನು, ಅವನಿಗಿಂತ ಗೋಡೆ ಗೊತ್ತಿರೋನು ಯಾರು, ಒಡಹುಟ್ಟಿದೋನ ಬಿಟ್ಟು ಊರೋರನ್ನ ಕೇಳೋಕೆ ನನಗೇನು ಗ್ರಹಚಾರ ಅಂದೆ. ಮುಖ ತಿರುಗಿಸ್ಕೊಂಡು ಮಲಗಿದೆ. ಬೆಳಿಗ್ಗೆ ಅವರೇ ಸೋತ್ರು. ಸರಿ ಮಾರಾಯ್ತಿ, ನಿನ್ನ ತಮ್ಮನೇ ನೋಡ್ಲಿ ಅಂದ್ರು.

ನೀರು ಬೇಕಾ? ಕುಡಿ. ನಿಧಾನ… ಮೈಮೇಲೆ ಚೆಲ್ಕೋಬೇಡ.

ಆವತ್ತು ನೀನು ನೋಡಿದ ಚಂದ ಇನ್ನೂ ಕಣ್ಣಲ್ಲಿ ಕಟ್ಟಿದ ಹಾಗಿದೆ. ಬೆರಳ ಗಿಣ್ಣಲ್ಲಿ ಟಕ್ ಟಕ್ ಅಂತ ತಟ್ಟೋದು, ಕಿವಿ ಇಡೋದು, ಡಾಕ್ಟ್ರು ಎದೆ ನೋಡೋ ಹಾಗೆ. ಥೇಟ್ ಅಪ್ಪ! ನಾನು ಹಿಂದಿಂದ ನಿಮ್ಮ ಭಾವನಿಗೆ ಕಣ್ಣಲ್ಲೇ, ನೋಡಿದ್ರಾ ಅಂದೆ. ನಡುಮನೆ ಗೋಡೆ ತಟ್ಟಿದೆ, ಗಟ್ಟಿ ಅಕ್ಕ ಅಂದೆ. ಅಡುಗೆಮನೆ ತಟ್ಟಿದೆ, ಕಬ್ಬಿಣ ಅಕ್ಕ ಅಂದೆ. ಹಿಂದಿನ ಕೋಣೆಗೆ ಹೋದ್ವಿ. ಅಲ್ಲೂ ಮೂರು ಕಡೆ ತಟ್ಟಿದೆ, ಕಿವಿ ಇಟ್ಟೆ. ಬೀರು ಇಟ್ಟಿದ್ರಲ್ಲ, ಅದರ ಮೇಲೆ ಕೈ ಊರ್ಕೊಂಡು ನಿಂತು, ಇದೂ ಅಷ್ಟೇ ಅಕ್ಕ, ಇಲ್ಲಿ ಗಾಳಿ ಚೆನ್ನಾಗಿದೆ ಅಂದೆ. ಗಾಳಿ! ಕಿಟಕಿ ಎಲ್ಲಾ ತೆಗೆದಿಟ್ಟು ಸೆಂಟು ಹೊಡೆದಿದ್ರು, ಗಾಳಿ ಚೆನ್ನಾಗಿರದೆ ಇನ್ನೇನು! ಸರಿ, ಈ ಕೋಣೆ ಮಗೂಗೆ ಅಂತ ನಾನು ಅಲ್ಲೇ ನಿಂತು ಹೇಳ್ದೆ. ನೀನು ತಲೆ ಆಡಿಸಿದೆ. ಆಡಿಸಿದೆ ಅಲ್ವಾ? ನಂಗೆ ನೆನಪಿದೆ.

ಬೀರುವಿನ ಕಥೆ ಕೇಳು. ಯಜಮಾನ ಅದನ್ನ ಬಿಟ್ಟು ಹೋದ. ಭಾರ ಅಮ್ಮ, ನೀವೇ ಇಟ್ಕೊಳ್ಳಿ, ಉಡುಗೊರೆ ಅಂತ ತಿಳ್ಕೊಳ್ಳಿ ಅಂದ. ನಾನು ಕರಗಿ ನೀರಾದೆ. ಇಂಥಾ ಜನ ಎಲ್ಲಿ ಸಿಗ್ತಾರೆ ರೀ ಅಂತ ನಿಮ್ಮ ಭಾವನ ಹತ್ರ ವಾರಗಟ್ಲೆ ಹಾಡಿದೆ.

ಬಾ, ಆ ಕೋಣೆ ನೋಡೋಣ. ಯಾಕೆ, ಅಲ್ಲೇ ನಿಂತ್ಯಲ್ಲ? ಬಣ್ಣ ಹೊಡೀಬೇಕಾಗಿರೋದು ಅಲ್ಲೇ ಕಣೋ. ಬಾ, ಬಾ… ಕತ್ತಲೆ ಇದೆ, ತಾಳು, ಸ್ವಿಚ್ ಎಲ್ಲಿದೆ ಅಂದ್ರೆ… ಓ, ಹಾಕಿಬಿಟ್ಯಾ. ಬಾಗಿಲ ಹಿಂದೆ, ಅಷ್ಟು ಕೆಳಗಿದೆ, ನಂಗೇ ಇನ್ನೂ ತಡಕಾಡಿದ್ರೆ ಸಿಗೋದು. ಆವತ್ತು ನೋಡಿದ್ದೆಯಾ? ಹೂಂ. ಆವತ್ತು ಮಟಮಟ ಮಧ್ಯಾಹ್ನ, ಲೈಟೇ ಹಾಕಿರ್ಲಿಲ್ಲ… ಇರ್ಬಹುದು ಬಿಡು. ನಿನ್ನ ಕಣ್ಣು ಚುರುಕು.

ಮೂಗು ಮುಚ್ಕೋಬೇಡ. ನಿನ್ನ ಸೊಸೆ ಈ ವಾಸನೇಲಿ ಮಲಗಿದ್ದು. ಮೊದಲು ಸಣ್ಣ ಕೆಮ್ಮು. ಜಾಗ ಬದಲಾಗಿದೆ, ನೀರು ಬದಲಾಗಿದೆ ಅಂದ್ಕೊಂಡೆ. ಆಮೇಲೆ ಮಲಗಿದ್ರೆ ಎದೆ ಗೊರಗೊರ ಅನ್ನೋಕೆ ಶುರುವಾಯ್ತು. ಡಾಕ್ಟ್ರು ಕೇಳಿದ್ರು, ಮಗು ಮಲಗೋ ಕೋಣೆ ಹೇಗಿದೆಯಮ್ಮ ಅಂತ. ಈಗ ತಾನೇ ಬಣ್ಣ ಬಳಿದ ಕೋಣೆ ಡಾಕ್ಟ್ರೇ, ಹಾಲಿನ ಹಾಗಿದೆ ಅಂದೆ, ಹೆಮ್ಮೆಯಿಂದ! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹೇಳಿಕೊಡೋಕೆ ಡಾಕ್ಟ್ರಿಗೇನು ಕೆಲಸ? ಗೋಡೆ ಮುಟ್ಟಿ ನೋಡಿ ಅಂದ್ರು, ಅಷ್ಟೇ.

ನಾನೂ ಪಕ್ಕದ ಮನೆಯವಳೂ ಸೇರಿ ಬೀರು ಎಳೆದ್ವಿ. ಬಂತು, ಆದ್ರೆ ಹಿಂದಿನ ಹಲಗೆ ಗೋಡೆಗೇ ಅಂಟ್ಕೊಂಡು ನಿಂತ್ಬಿಡ್ತು. ಹಲಗೆ ತುಂಬ ಕಪ್ಪು ಬೂಸ್ಟು. ಗೋಡೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು… ಅಲ್ನೋಡು, ಕಿಟಕಿ ಮೂಲೆಯಿಂದ ನೆಲದವರೆಗೂ. ನನ್ನ ಎರಡು ಬೆರಳು ಹೋಗುತ್ತೆ ಈ ಬಿರುಕಲ್ಲಿ. ಎರಡು ಬೆರಳು! ತಾರಸಿ ನೀರಿನ ಕೊಳವೆ ಹೊರಗಡೆ ಒಡೆದು, ಎಷ್ಟೋ ವರ್ಷದಿಂದ ಇಲ್ಲೇ ಇಳಿದಿದೆಯಂತೆ.

ಏನು? ಪುಟ್ಟಿ ಹಾಕಿದ್ರೆ ಸರಿಹೋಗುತ್ತಾ? ಗುಬ್ಬೀ… ಪುಟ್ಟಿ ಹಾಕಿಯೇ ತಾನೇ ಹೀಗಾಗಿದ್ದು.

ಸರಿ, ನೀನೇ ಹೇಳು. ಇದನ್ನ ಮುಚ್ಚಿದೋನು ಯಾರಿರ್ಬಹುದು? ಈ ಊರಲ್ಲಿ ಬ್ರಷ್ ಹಿಡಿಯೋರೆಲ್ಲ ನಿಂಗೆ ಗೊತ್ತು… ಹೊರಗಿನೋರಾ? ಬೇರೆ ಊರಿಂದ ಕರೆಸಿರ್ತಾರೆ ಅಂತೀಯಾ? ಹೂಂ, ಇರ್ಬಹುದು. ಕೈ ಮಾತ್ರ ಒಳ್ಳೇ ಕೈ. ಸುಳ್ಳು ಹೇಳ್ಬಾರ್ದು. ಇಷ್ಟು ದೊಡ್ಡ ಬಿರುಕನ್ನ ನುಣ್ಣಗೆ ಮಾಡಿ, ಪಕ್ಕದ ಗೋಡೆ ಬಣ್ಣಕ್ಕೆ ಹೊಂದಿಸಿ… ನಮ್ಮಪ್ಪನೂ ಇಷ್ಟು ಚಂದ ಮಾಡ್ತಿರ್ಲಿಲ್ಲ. ಯಾಕೋ, ಬೆವರ್ತಿದೀಯ? ಫ್ಯಾನ್ ಹಾಕ್ತೀನಿ ಇರು.

ನಿಮ್ಮ ಭಾವನಿಗೆ ಬೀರು ಸರಿಸಿದ್ದು, ಬಿರುಕು ಎಲ್ಲಾ ಗೊತ್ತು. ಕೂಗಾಡಿಬಿಟ್ರು. ನಾಳೆ ಯಜಮಾನನ ಮನೆಗೆ ಹೋಗ್ತಾರಂತೆ. ಒಬ್ಬರೇ ಅಲ್ಲ, ನಿನ್ನ ಜೊತೆ. ಹೌದು, ನಿನ್ನ ಜೊತೆನೇ. ಸಾಕ್ಷಿ ಬೇಡ್ವಾ? ನನ್ನ ಬಾಮೈದ ಗೋಡೆ ಗೋಡೆ ತಟ್ಟಿ ನೋಡಿದಾನೆ, ಅವನು ಬಂದು ಎದುರಿಗೆ ನಿಂತು ಹೇಳ್ಲಿ ಆ ಕಳ್ಳನಿಗೆ ಅಂತಿದಾರೆ. ನಿನ್ನ ಮೇಲೆ ಎಷ್ಟು ನಂಬಿಕೆ ನೋಡು. ಇಂಜಿನಿಯರ್ ಮಾತನ್ನ ಒಂದು ಸಲವೂ ಎತ್ತಲಿಲ್ಲ ಕಣೋ. ನಾನು ಹೇಳಿರ್ಲಿಲ್ವಾ ಅಂತ ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಹೋಗಿ ಹೇಳ್ತೀಯಾ? ನಾನು ತಟ್ಟಿದಾಗ ಗೋಡೆ ಗಟ್ಟಿ ಇತ್ತು ಅಂತ?

ನೆಲ ಯಾಕೆ ನೋಡ್ತೀಯ? ನೆಲದ್ದು ಆಮೇಲೆ ನೋಡೋಣ. ಗೋಡೆದು ಹೇಳು.

ಕೆಲಸ ಇದೆಯಾ ನಾಳೆ? ಹೂಂ.

ಸರಿ, ಇನ್ನೊಂದು ವಿಷಯ. ನಿನ್ನೆ ಮಗೂನ ಶಾಲೆಗೆ ಕಳಿಸಿ ಒಬ್ಬಳೇ ಕೂತು ಈ ಗೋಡೆ ಕೆರೆದೆ. ದೋಸೆ ಮಗುಚೋ ಸಟ್ಟುಗದಲ್ಲಿ. ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಅದರ ಕೆಳಗೆ, ಬಿರುಕಿನ ಉದ್ದಕ್ಕೂ… ಬಟ್ಟೆ ಇತ್ತು.

ಬಟ್ಟೆ ಇತ್ತು ಅಂದೆ ಕಣೋ. ಗೋಡೆ ಒಳಗೆ.

…

ಗುಬ್ಬೀ, ಪಕ್ಕದ ಮನೆಯವಳಿಗೆ ಹೇಳ್ದೆ. ಗೋಡೆ ಒಳಗೆ ಬಟ್ಟೆನಾ, ಯಾವ ಬಟ್ಟೆ, ಯಾಕಿಟ್ಟಿದ್ರು ಅಂತ ಹತ್ತು ಪ್ರಶ್ನೆ ಕೇಳಿದ್ಲು. ಬಡಗಿಗೆ ಹೇಳ್ದೆ, ಅವನೂ ಕೇಳ್ದ. ಯಾರಿಗೆ ಹೇಳಿದ್ರೂ ಕೇಳ್ತಾರೆ. ಗೋಡೆಲಿ ಬಟ್ಟೆ ಸಿಕ್ತು ಅಂದ್ರೆ ಯಾವ ಬಟ್ಟೆ ಅಂತ ಕೇಳದೆ ಇರೋನು ಒಬ್ಬನೇ.

ನೀನು ಕೇಳ್ಲಿಲ್ಲ.

ಕೂತ್ಕೋ ಈಗ. ಆ ಸ್ಟೂಲ್ ಮೇಲೆ ಕೂತ್ಕೋ. ನಾನೇ ಹೇಳ್ತೀನಿ. ಬಿರುಕಿಗೆ ಬಟ್ಟೆ ಪಟ್ಟಿ ಅಂಟಿಸಿ ಅದರ ಮೇಲೆ ಪುಟ್ಟಿ ಎಳೆಯೋದು ಅಪ್ಪನ ಪದ್ಧತಿ. ಈಗ ಎಲ್ಲರೂ ಅಂಗಡಿಯಿಂದ ಜಾಲರಿ ಟೇಪು ತರ್ತಾರೆ. ನೀನು ಮಾತ್ರ ಮನೆಲಿ ಹಳೇ ಬಟ್ಟೆ ಹರಿದು ತಗೊಂಡು ಹೋಗ್ತೀಯ. ಅಷ್ಟೇ ಆಗಿದ್ರೆ ನಾನು ನಂಬ್ತಿರ್ಲಿಲ್ಲ ಕಣೋ. ಅಪ್ಪನ ಹತ್ರ ಕಲಿತೋರು ಇನ್ನೂ ಯಾರೋ ಇರ್ಬಹುದು ಅಂತ ನಿನ್ನ ಪರವಾಗಿ ನಾನೇ ವಾದ ಮಾಡ್ಕೊಂಡೆ. ಆದ್ರೆ ಆ ಪಟ್ಟಿಗೆ ಅಂಚಿತ್ತು. ಬಿಳಿ ಬಟ್ಟೆ, ಹಸಿರು ನೂಲಿನ ಅಂಚು. ಮೂಲೆಲಿ ಹೊಲಿಗೆ ಬಿಚ್ಚದೆ ಇರ್ಲಿ ಅಂತ ಮೂರು ಸಲ ಹಿಂದೆ ಮುಂದೆ ಹೊಲಿದಿತ್ತು. ನಿಂಗೆ ಮನೆ ಮಾಡಿಕೊಟ್ಟಾಗ ನಾನು ಹೊಲಿದು ಕೊಟ್ಟ ಕಿಟಕಿ ಪರದೆ. ಬಿಳಿ ನೂಲು ಮುಗಿದೋಗಿತ್ತು, ಅಂಗಡಿ ಮುಚ್ಚಿತ್ತು, ಹಸಿರಲ್ಲೇ ಹೊಲಿದೆ. ನನ್ನ ಕೈಯಿನ ಹೊಲಿಗೆ ನಂಗೆ ಗೊತ್ತಾಗಲ್ವೇನೋ?

ನನ್ನ ಸಿಟ್ಟು ಪರದೆ ಹರಿದದ್ದಕ್ಕಲ್ಲ. ಬಟ್ಟೆ ಇರೋದೇ ಹರಿಯೋಕೆ.

ನಿನ್ನೆಯಿಂದ ಗೊತ್ತು ನಂಗೆ. ಫೋನ್ ಮಾಡುವಾಗ್ಲೂ ಗೊತ್ತಿತ್ತು. ಬಣ್ಣದ ಕೆಲಸ ಅಂದಿದ್ದು ಸುಳ್ಳು. ಬಾಗಿಲಲ್ಲಿ ಹೇಳ್ತೀಯ ಅಂದ್ಕೊಂಡೆ. ನಲ್ಲಿ ಹತ್ರ ಹೇಳ್ತೀಯ ಅಂದ್ಕೊಂಡೆ. ಮಗು ಕೆಮ್ಮಿನ ಮಾತು ಬಂದಾಗಂತೂ, ಈಗ ಬಾಯಿ ಬಿಡ್ತಾನೆ, ಈಗ ಬಿಡ್ತಾನೆ ಅಂತ ನಿನ್ನ ತುಟಿನೇ ನೋಡ್ತಿದ್ದೆ. ನೀನು ನೀರು ಕುಡಿದೆ. ಪುಟ್ಟಿ ಹಾಕೋಣ ಅಂದೆ. ಬೇರೆ ಊರಿನೋನು ಅಂದೆ!

ಅಳ್ಬೇಡ. ಈಗ ಅಳ್ಬೇಡ, ಅಳೋ ಸರದಿ ನಿಂದಲ್ಲ.

ನಿನ್ನ ಪರವಾಗಿ ಉತ್ತರನೂ ನಾನೇ ಸಿದ್ಧ ಮಾಡಿಟ್ಟಿದ್ದೆ ಗೊತ್ತಾ? ಅವನಿಗೆ ಕೆಲಸ ಕೊಟ್ರು, ಮಾಡ್ದ. ಯಾರಿಗೆ ಮಾರ್ತಾರೋ ಅವನಿಗೇನು ಗೊತ್ತು? ಯಾರೋ ಕೊಳ್ತಾರೆ ಅಂದ್ಕೊಂಡ. ಆ ಯಾರೋ ಮನೆಲೂ ಕೆಮ್ಮೋ ಮಗು ಇರ್ತಿತ್ತು ಅನ್ನೋದು ಬೇರೆ ಮಾತು, ಅದನ್ನೂ ನುಂಗಿಕೊಂಡೆ. ಹೊಟ್ಟೆಪಾಡು ಅಂದ್ಕೊಂಡೆ. ಆದ್ರೆ ಆ ಯಾರೋ ನಾನೇ ಅಂತ ಗೊತ್ತಾಯ್ತಲ್ಲೋ ಆಮೇಲೆ! ಗೇಟು ತೆಗೆದು ನಾನು ನಿನ್ನ ಕೈ ಹಿಡ್ಕೊಂಡೇ ಒಳಗೆ ಬಂದೆನಲ್ಲೋ! ಆಗ ಒಂದು ಮಾತು… ಬೇಡ ಅಕ್ಕ ಈ ಮನೆ, ಅಂತ ಕಿವಿಲಿ ಹೇಳಿದ್ರೆ ಆಗ್ತಿತ್ತು. ಯಾಕೆ ಅಂತಾನೂ ಕೇಳ್ತಿರ್ಲಿಲ್ಲ ನಾನು. ಅದು ಬಿಟ್ಟು ತಟ್ಟಿದೆಯಲ್ಲಾ! ಕಿವಿ ಇಟ್ಟು ಕೇಳಿದೆಯಲ್ಲಾ! ಅಪ್ಪನ ಥರಾನೇ! ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೋಗಿ ಹೇಳ್ಲಿ?

ಯಜಮಾನ ಮೋಸ ಮಾಡ್ದ. ಮಾಡ್ಲಿ. ಅವನು ಮಾರೋನು, ಅವನ ಮಾತನ್ನ ಅರ್ಧ ನಂಬಿದ್ದೆ. ನಿನ್ನ ಮಾತನ್ನ ಪೂರ್ತಿ ನಂಬಿದ್ದೆ ಕಣೋ, ಮಾರಾಯಾ!

ನೀನು ಚಿಕ್ಕೋನಿದ್ದಾಗ ಒಬ್ಬರ ಮನೆ ಮೆಟ್ಟಿಲ ಮೇಲೆ ನೀಲಿ ಬಣ್ಣದ ಡಬ್ಬಿ ಕವುಚಿ ಹಾಕಿದ್ದೆ, ನೆನಪಿದೆಯಾ? ಬೆಕ್ಕು ಬೀಳಿಸ್ತು ಅಂತ ನಾನಂದೆ. ಅಪ್ಪ ನೀಲಿ ಕಾಲಿನ ಬೆಕ್ಕು ಹುಡುಕ್ಕೊಂಡು ಬೀದಿಯೆಲ್ಲ ಸುತ್ತಿ ಬಂದು ನನಗೇ ಬಾರಿಸಿದ್ರು. ಆವತ್ತೂ ನೀನು ಹೀಗೇ ನಿಂತಿದ್ದೆ, ಬಾಯಿ ಹೊಲಿದ ಹಾಗೆ. ಆವತ್ತು ನಿಂಗೆ ಆರು ವರ್ಷ. ಮುದ್ದು ಬರ್ತಿತ್ತು.

ಶ್… ಅದು ಅವರ ಗಾಡಿ. ಬಂದ್ರು.

ನಾನು ಬಟ್ಟೆ ವಿಷಯ ಅವರಿಗೆ ಹೇಳಿಲ್ಲ. ಕೆರೆದಿದ್ದನ್ನೆಲ್ಲ ಗುಡಿಸಿ ಹೊರಗೆ ಹಾಕ್ದೆ. ಒಂದು ಪಟ್ಟಿನೂ ಉಳಿಸಿಲ್ಲ. ಅವರಿಗೆ ಗೊತ್ತಾದ್ರೆ ನೀನು ಈ ಹೊಸಿಲು ತುಳಿಯೋ ಹಾಗಿಲ್ಲ. ಗೊತ್ತಾಗದೆ ಇದ್ರೆ, ನಾಳೆ ಆ ಯಜಮಾನ ನಿನ್ನ ನೋಡಿ ಹಲ್ಲು ಕಿರೀತಾನೆ, ನಿಮ್ಮ ಬಾಮೈದನ್ನೇ ಕೇಳಿ ಸ್ವಾಮಿ ಅಂತಾನೆ. ಯಾವುದಾದ್ರೂ ಒಂದು ಆಗ್ಲೇಬೇಕು. ಏನು ಮಾಡೋಣ? ಹೇಳು. ಗಾಡಿ ನಿಲ್ಲಿಸ್ತಿದಾರೆ, ಹೆಲ್ಮೆಟ್ ತೆಗೀತಿದಾರೆ, ಇನ್ನೂ ಒಂದು ಗಳಿಗೆ ಇದೆ. ತಪ್ಪಾಯ್ತು ಅನ್ಬೇಡ ಬೇಕಾದ್ರೆ. ಭಾವನಿಗೆ ನಾನೇ ಹೇಳ್ತೀನಿ ಅಕ್ಕ ಅನ್ನು. ಅಥವಾ ಬರೀ ಅಕ್ಕಾ ಅನ್ನು ಸಾಕು, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ. ಒಂದೇ ಮಾತು ಕಣೋ…

ಗುಬ್ಬೀ?

…

ಹಾಂ? ಹಿಂದಿನ ಕೋಣೆಲಿದೀನಿ ರೀ!

ಯಾರಾ? ಯಾರೂ ಇಲ್ಲ ರೀ… ಪೇಂಟರ್ ಬಂದಿದಾನೆ.